ಜಮಖಾನೆಯೊಳಗಿನ ಅಕ್ಕಿಕಾಳು

ಶಟರ್ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಇಲಿ ಉಚ್ಚೆಯ ವಾಸನೆ. ಹಿಂದೆ ನಿಂತಿದ್ದ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮೂಗಿಗೆ ಹಿಡಿದುಕೊಂಡರು. ನಾನು ಸೆರಗು ಹಿಡಿಯಲಿಲ್ಲ. ವಾಸನೆ ಬರುತ್ತಿತ್ತು, ಅಸಹ್ಯ ಮಾತ್ರ ಬರಲಿಲ್ಲ. ಗಂಡ ತೀರಿಕೊಂಡಾಗಿನಿಂದ ನನಗೆ ಎಲ್ಲವೂ ಹಾಗೇ ಆಗಿತ್ತು. ಉಂಡರೆ ಹೊಟ್ಟೆ ತುಂಬುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ.

ಬೆಂಗೇರಿಯ ಈ ಗೋದಾಮು ನನ್ನ ಗಂಡನ ಪೆಂಡಾಲ್ ಧಂದೆಯದು. ಶಾಮಿಯಾನದ ಬಟ್ಟೆ, ಕಂಬಗಳು, ಗಾದಿ, ಕುರ್ಚಿ, ಸುರುಳಿ ಸುತ್ತಿಟ್ಟ ಜಮಖಾನೆಗಳು, ಮತ್ತು ಹಿಂಭಾಗದಲ್ಲಿ ಜನರೇಟರ್ ಕೂರಿಸಿದ ಒಂದು ಟೆಂಪೊ. ಬೇಸಿಗೆಯ ಮದುವೆಗಳು ಮುಗಿಯುತ್ತಾ ಬಂದಿದ್ದವು. ಒಂದು ಮನೆಯ ಚಪ್ಪರ ಕಳಚಿ, ಜಮಖಾನೆ ಸುತ್ತಿ ಟೆಂಪೊಕ್ಕೆ ಹಾಕಿ, ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಟೆಂಪೊವನ್ನು ಯಾರೋ ತಂದು ಗೋದಾಮಿನಲ್ಲಿ ನಿಲ್ಲಿಸಿದರು, ಶಟರ್ ಇಳಿಸಿದರು. ಆಷಾಢ ಹೇಗೂ ಮದುವೆಯಿಲ್ಲದ ತಿಂಗಳು. ಶ್ರಾವಣವೂ ಹೋಯಿತು. ಗಣಪತಿ ಪೆಂಡಾಲುಗಳ ಕೆಲಸವನ್ನು ಆ ವರ್ಷ ಹಿಡಿಯಲಿಲ್ಲ. ಮಳೆಗಾಲವಿಡೀ ಇಲಿಗಳನ್ನು ಕೇಳುವವರು ಇರಲಿಲ್ಲ.

ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿರುವ ನನ್ನ ಮೈದುನ ಆಗಲೇ ಒಬ್ಬ ಗಿರಾಕಿಯನ್ನು ನೋಡಿಟ್ಟಿದ್ದ.

"ವೈನಿ, ಎಲ್ಲಾ ಸಾಮಾನು ಒಮ್ಮಿಗೇ ತಗೋತೇನಿ ಅಂತಾನ. ಇದು ಹೆಣ್ಣಮಕ್ಕಳ ಕೈಯಾಗ ಆಗೂ ಧಂದೆ ಅಲ್ಲ. ಅದ್ರಾಗೂ ಲಗ್ನದ ಕೆಲಸ..." ಎಂದು ಅಲ್ಲಿಗೇ ನಿಲ್ಲಿಸಿದ.

"ಗಂಡ ಸತ್ತಾಕಿ ಲಗ್ನಕ್ಕ ಚಪ್ಪರ ಹಾಕಿದ್ರ ಛಲೋ ಕಾಣೂದಿಲ್ಲ. ಪೂರ್ತಿ ಹೇಳಿಬಿಡಪಾ," ಎಂದೆ.

ಅವನು ಕೆಟ್ಟವನಲ್ಲ. ಮುಖ ಕೆಳಗೆ ಮಾಡಿದ. ತುಳಸಿ ಲಗ್ನ ಮುಗಿದ ಮೇಲಿನ ಒಂದು ಮದುವೆಗೆ ನನ್ನ ಗಂಡ ಮಾತು ಕೊಟ್ಟಿದ್ದರು. ಅದೊಂದನ್ನು ಮಾಡಿ ನೋಡುತ್ತೇನೆ ಎಂದೆ. ಅವನು ಒಪ್ಪಿದ, ಆದರೆ ಕರಾರು ಹಾಕಿಯೇ ಒಪ್ಪಿದ. "ಅಲ್ಲಿ ಕರೆಂಟ್ ಹೋಗಿ ಜನರೇಟರ್ ಚಾಲೂ ಆಗಲಿಲ್ಲ, ಇಲ್ಲಾ ಹರಕ ಜಮಖಾನಿ ಹಾಸಿದ್ರಿ ಅಂದ್ರ, ಮುಂದ ಯಾರೂ ನಮ್ಮ ಬಾಗ್ಲಿಗೆ ಬರೂದಿಲ್ಲ. ಆಮ್ಯಾಲ ಮಾರೂದs ಸೈ."

ಯಾಕೆ ಅಷ್ಟು ಹಟ ಹಿಡಿದೆ ಎಂದು ಆಮೇಲೆ ಹಲವರು ಕೇಳಿದರು. ಗಂಡನ ನೆನಪು, ಅವರ ಕನಸು ಅಂತೆಲ್ಲ ಅವರೇ ಉತ್ತರವನ್ನೂ ಹೇಳಿದರು. ನಿಜ ಸಂಗತಿ ಏನೆಂದರೆ, ಮನೆಯಲ್ಲಿದ್ದರೆ ಬಂದವರೆಲ್ಲ ನನ್ನ ಕೈ ಹಿಡಿದು ಅಳುತ್ತಿದ್ದರು. ನನಗೆ ಅಳು ಬಾರದ್ದಕ್ಕೆ ಇನ್ನಷ್ಟು ಅಳುತ್ತಿದ್ದರು. ಗೋದಾಮಿನಲ್ಲಿ ಇಲಿಗಳಿದ್ದವು, ಅವು ಅಳುತ್ತಿರಲಿಲ್ಲ.

ಮೊದಲ ಕೆಲಸ, ಹಾಳಾದದ್ದು ಎಷ್ಟು ಎಂದು ನೋಡುವುದು. ಕಾಕಾ ಜೊತೆಗಿದ್ದರು. ಅವರು ನನ್ನ ಗಂಡನ ಜೊತೆ ಪ್ರಾಯದಿಂದ ಚಪ್ಪರ ಕಟ್ಟಿದವರು. ಸಂಬಂಧಿಕರೇನಲ್ಲ, ಎಲ್ಲರೂ ಕಾಕಾ ಎನ್ನುವುದರಿಂದ ನನಗೂ ಕಾಕಾ. ಗಾದಿಗಳ ಮೂಲೆಗಳಿಂದ ಹತ್ತಿ ಹೊರಗೆ ಬಂದಿತ್ತು. ಶಾಮಿಯಾನದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಇಟ್ಟಿದ್ದರಿಂದ ಒಂದು ಕಡೆ ಕಡಿದದ್ದು ಬಿಚ್ಚಿದಾಗ ಸಾಲು ಸಾಲಾಗಿ ತೂತಾಗಿ ಕಾಣುತ್ತಿತ್ತು. ಟೆಂಪೊದ ಬಾನೆಟ್ಟಿನೊಳಗೆ ವೈರುಗಳ ಪ್ಲಾಸ್ಟಿಕ್ ಹೋಗಿ ತಾಮ್ರ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದರೆ ಟಕ್ ಎಂದೂ ಅನ್ನಲಿಲ್ಲ.

ಎಲ್ಲರೂ ಮೊದಲು ಮಾಡುವುದನ್ನೇ ನಾವೂ ಮಾಡಿದೆವು. ಪಾಷಾಣ ಇಟ್ಟೆವು. ಕೆಲವು ಇಲಿಗಳು ಸತ್ತವು, ಆದರೆ ನಮ್ಮ ಕಣ್ಣೆದುರು ಸಾಯಲಿಲ್ಲ. ಶಾಮಿಯಾನದ ಮಡಿಕೆಗಳ ಒಳಗೆ ಹೋಗಿ ಸತ್ತವು. ವಾರ ಕಳೆಯುವುದರೊಳಗೆ ಮದುವೆ ಚಪ್ಪರದ ಬಟ್ಟೆಗೆ ಹೆಣದ ವಾಸನೆ ಹತ್ತಿತು. ಒಂದೊಂದೇ ಬಟ್ಟೆ ಬಿಚ್ಚಿ ಹುಡುಕಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಮಳೆ ಬಿಡುವು ಕೊಟ್ಟಾಗಲೆಲ್ಲ ಕಂಪೌಂಡಿನ ಮೇಲೆ ಒಣಗಿಸಿದೆವು. ಕೆಲಸದವರು ವಾಂತಿ ಮಾಡಿಕೊಂಡರು. ಸತ್ತ ಇಲಿಗಳನ್ನು ಬಾಲ ಹಿಡಿದು ಎತ್ತಿ ಹಾಕಿದವಳು ನಾನು. ಅದಕ್ಕೆ ಧೈರ್ಯ ಬೇಕಾಗಲಿಲ್ಲ, ಕೈಗೆ ಏನೂ ತಿಳಿಯುತ್ತಿರಲಿಲ್ಲ ಅಷ್ಟೇ.

ಆಮೇಲೆ ತೂತು ಮುಚ್ಚಲು ಹೊರಟೆವು. ಶಟರ್ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದರೆ ಅದನ್ನೂ ಕಡಿದವು, ಅಲ್ಲಿಗೆ ಕಬ್ಬಿಣದ ಪಟ್ಟಿ ಬಂತು. ಗೋಡೆಯ ಬಿಲಗಳಿಗೆ ಗಾಜಿನ ಚೂರು ತುರುಕಿ ಸಿಮೆಂಟ್ ಮೆತ್ತಿದೆವು. ನೀರಿನ ಪೈಪು ಒಳಗೆ ಬರುವ ತೂತಿಗೆ ಜಾಲರಿ ಕಟ್ಟಿದೆವು. ಬಹಳ ಅಚ್ಚುಕಟ್ಟಾಗಿ ಮುಚ್ಚಿದೆವು. ಮರುದಿನ ನೋಡಿದರೆ ಮೊದಲಿಗಿಂತ ಹೆಚ್ಚು ಕಡಿದಿದ್ದವು. ಕಳ್ಳರನ್ನು ಒಳಗಿಟ್ಟು ಬೀಗ ಹಾಕಿದ್ದೆವು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಗುತ್ತಾರಲ್ಲ, ನಾವು ಬೆಟ್ಟವನ್ನೂ ಅಗೆದೆವು, ಇಲಿಯೂ ಸಿಗಲಿಲ್ಲ.

ಆಗ ನನಗೆ ಹೊಳೆದದ್ದು ರಂಗೋಲಿ ಪುಡಿ. ಹಿಟ್ಟು ಉದುರಿಸಿದರೆ ತಿಂದುಬಿಡುತ್ತವೆ, ರಂಗೋಲಿಯನ್ನು ತಿನ್ನುವುದಿಲ್ಲ. ಸಂಜೆ ಶಟರ್ ಇಳಿಸುವ ಮುಂಚೆ ಗೋಡೆಯ ಬುಡಕ್ಕೆ, ಟೆಂಪೊದ ಸುತ್ತ, ಸುರುಳಿಗಳ ಮುಂದೆ ತೆಳ್ಳಗೆ ಜರಡಿ ಹಿಡಿಯುತ್ತಿದ್ದೆ. ಬೆಳಿಗ್ಗೆ ಬಂದರೆ ಪುಟ್ಟ ಪುಟ್ಟ ಹೆಜ್ಜೆ, ನಡುವೆ ಬಾಲದ ಗೆರೆ. ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ ಎಂದು ಗೊತ್ತಾಗತೊಡಗಿತು. ಮುಚ್ಚಿದ ತೂತುಗಳಲ್ಲಿ ಒಂದನ್ನು ಬೇಕೆಂದೇ ಒಡೆಸಿ, ಅದರ ಬಾಯಿಗೆ ಬೋನು ಇಟ್ಟೆವು. ಹೊರಗೆ ಹೋಗುವವು ಬೋನಿಗೆ ಬಿದ್ದವು. ಪುಡಿಯ ಮೇಲೆ ಹೆಜ್ಜೆ ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ಎಲ್ಲ ಹೆಜ್ಜೆಗಳೂ ಟೆಂಪೊ ಮತ್ತು ಜಮಖಾನೆ ಸುರುಳಿಗಳ ನಡುವೆ ಓಡಾಡುತ್ತಿದ್ದವು.

ತಾರಿಹಾಳದಿಂದ ಜನರೇಟರ್ ಮೆಕ್ಯಾನಿಕ್ ಬಂದ. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಕಡಿದ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ, ಅವುಗಳ ಮೇಲೆ ಬಾಗುವ ಕಬ್ಬಿಣದ ಕೊಳವೆ ತೊಡಿಸಿದ. ಜನರೇಟರಿನ ಗಾಳಿ ಕಿಂಡಿಗಳಿಗೆ ಜಾಲರಿ ಅಳತೆ ಮಾಡುತ್ತಾ, "ಭಾಳ ಸಣ್ಣದು ಹಾಕಿದ್ರ ಮಷಿನ್ ಉಸಿರು ಕಟ್ಟತೇತ್ರಿ ಅಕ್ಕಾರ. ಗಾಳಿ ಹೋಗಬೇಕು, ಇಲಿ ಹೋಗಬಾರದು," ಎಂದ. ಆಮೇಲೆ ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿ ಓರೆ ಮಾಡಿದ. ಒಳಗಿನಿಂದ ಅಕ್ಕಿ ಸುರಿಯಿತು. ಅರಿಶಿನ ಹಚ್ಚಿದ ಅಕ್ಕಿ. ಕುಂಕುಮದ ಕೆಂಪು ಹತ್ತಿದ ಕಾಳುಗಳೂ ಇದ್ದವು. ಬೊಗಸೆಗೆ ಹಿಡಿಸದಷ್ಟು.

"ನಿಮ್ಮ ಗಾಡ್ಯಾಗ ಯಾರ್ದೋ ಮದುವಿ ಆಗೇತ್ರಿ," ಎಂದು ನಕ್ಕ.

ಇಲಿಗಳು ಕೂಡಿಡುವ ಜಾಗ ಅದು. ಕತ್ತಲು, ಬೆಚ್ಚಗೆ, ಒಂದೇ ಬಾಯಿ. ಆದರೆ ನಮ್ಮ ಗೋದಾಮಿನಲ್ಲಿ ಕಾಳುಕಡಿ ಇಡುವುದಿಲ್ಲ. ಊಟದ ಡಬ್ಬಿಯನ್ನೂ ಒಳಗೆ ಬಿಚ್ಚುವುದಿಲ್ಲ. ಅರಿಶಿನದ ಅಕ್ಕಿ ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಸುರುಳಿಗಳ ಹತ್ತಿರ ಹೋಗಿ ಒಂದರ ಹಗ್ಗ ಬಿಚ್ಚಿದೆ. ಜಮಖಾನೆ ಹರಡಿಕೊಂಡ ಹಾಗೆ ಉತ್ತರವೂ ಹರಡಿಕೊಂಡಿತು. ತಾಳಿ ಕಟ್ಟುವಾಗ ಚಪ್ಪರದ ಜನರೆಲ್ಲ ವಧೂವರರ ಮೇಲೆ ಎಸೆಯುವ ಅಕ್ಕಿಕಾಳು. ಅರ್ಧ ಅವರ ತಲೆಗೆ ಬಿದ್ದರೆ ಅರ್ಧ ಜಮಖಾನೆಗೆ. ಅದನ್ನು ಒಳಗೇ ಇಟ್ಟು ಸುರುಳಿ ಸುತ್ತಿದ್ದರು. ಪ್ರತಿ ಮದುವೆಯದೂ ಹಾಗೇ, ಪ್ರತಿ ಸುರುಳಿಯಲ್ಲೂ.

"ಕಾಕಾ, ಇದನ್ನ ಝಾಡಿಸಿ ಸುತ್ತೂದಿಲ್ಲೇನ್ರಿ?"

ಕಾಕಾ ನಾನು ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ನೋಡಿದರು. "ಅದು ಆಶೀರ್ವಾದದ ಕಾಳ್ರಿ ಅಕ್ಕಾರ. ಕಸ ಹೊಡದಂಗ ಹೊಡೀಬಾರದು. ಹಿಂದಿನ ಮದುವಿ ಕಾಳು ಮುಂದಿನ ಮದುವ್ಯಾಗ ಹಾಸಿದ್ರ ಆ ಮನಿಗೂ ಛಲೋ, ನಮಗೂ ಛಲೋ. ಸಾವ್ಕಾರ್ರು ಒಂದು ದಿನಾನೂ ಇದಕ್ಕ ಕಸಬರಗಿ ಮುಟ್ಟಿಸಲಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಸೀಜನ್ನಿನಲ್ಲಿ ಜಮಖಾನೆ ಇವತ್ತು ಸುತ್ತಿದರೆ ನಾಳೆ ಬಿಚ್ಚುತ್ತಿದ್ದರು. ಕಾಳು ಒಂದು ಚಪ್ಪರದಿಂದ ಇನ್ನೊಂದಕ್ಕೆ ಹೋಗಿ ಉದುರುತ್ತಿತ್ತು, ಇಲಿಗೆ ಅಷ್ಟು ಪುರಸತ್ತು ಸಿಗುತ್ತಿರಲಿಲ್ಲ. ಈ ವರ್ಷ ಸುರುಳಿಗಳು ಮಲಗಿದಲ್ಲೇ ಮಲಗಿದ್ದವು. ನಾವು ತೂತು ಮುಚ್ಚಿದ್ದೆಲ್ಲ ಕಣಜದ ಬಾಗಿಲಿಗೆ. ಕಣಜ ಒಳಗೇ ಇತ್ತು.

ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡೆ.

"ಬ್ಯಾಡ್ರಿ," ಎಂದರು ಕಾಕಾ. "ಅದ್ರಾಗೂ ನೀವು... ಈಗ ನೀವು ಅದನ್ನ ಮುಟ್ಟಬಾರದ್ರಿ."

ಗಂಡ ಸತ್ತವಳ ಮುಂದೆ ಮದುವೆಯಲ್ಲಿ ಅಕ್ಕಿಕಾಳಿನ ತಟ್ಟೆ ಹಿಡಿಯುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಟ್ಟೆ ಹಿಡಿದವಳು ಪಕ್ಕದವಳಿಗೆ ಕೊಟ್ಟು ಮುಂದೆ ಹೋಗುತ್ತಾಳೆ. ಶ್ರಾವಣದಲ್ಲಿ ನನ್ನ ಚಿಕ್ಕಮ್ಮನ ಮನೆಯ ಮದುವೆಯಲ್ಲಿ ನನಗೂ ಹಾಗೇ ಆಗಿತ್ತು. ಆಗ ನೋವಾಗಿರಲಿಲ್ಲ. ಈಗ ಕಾಕಾ ಅಂದಾಗಲೂ ಆಗಲಿಲ್ಲ. "ಆಗೂದು ಆಗಿ ಹೋಗೇತಿ ಕಾಕಾ. ಇನ್ನ ನನಗೇನಾಗತೇತಿ, ಹೇಳ್ರಿ?" ಎಂದು ಕೇಳಿದೆ. ವಾದಕ್ಕಾಗಿ ಕೇಳಿದ್ದಲ್ಲ, ಗೊತ್ತಿದ್ದರೆ ಹೇಳಲಿ ಎಂದೇ ಕೇಳಿದ್ದು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಕಂಪೌಂಡಿಗೆ ಬೆನ್ನು ಕೊಟ್ಟು ನಿಂತರು.

ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಹೊಡೆದೆ. ಅಕ್ಕಿಕಾಳಿನ ಜೊತೆ ತಲೆಪಿನ್ನು, ಹಣೆಗೆ ಹಚ್ಚುವ ಟಿಕಳಿ, ಒಣಗಿದ ಮಲ್ಲಿಗೆ, ಒಂದು ಮಗುವಿನ ಗೆಜ್ಜೆಯ ಗುಂಡು. ಎಷ್ಟೋ ಮನೆಗಳವರು ಒಳ್ಳೆಯದಾಗಲಿ ಎಂದು ಎಸೆದ ಕಾಳು ನನ್ನ ಕಸಬರಿಗೆಯ ಮುಂದೆ ಗುಡ್ಡೆಯಾಯಿತು. ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟೆ. ಆಮೇಲೆ ನೋಡಿದಾಗ ಚೀಲ ಇರಲಿಲ್ಲ. ಕಾಕಾ ಎಲ್ಲಿಗೋ ಒಯ್ದು ಹಕ್ಕಿಗಳಿಗೆ ಹಾಕಿದ್ದರು. ಹಲವು ದಿನ ನಮ್ಮ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ.

ಶುಚಿಯಾದ ಜಮಖಾನೆಗಳನ್ನು ಗೋಡೆಯಿಂದ ಗೇಣು ದೂರ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿಸಿದೆ, ಹಿಂದೆ ಏನಿದೆ ಎಂದು ಕಣ್ಣಿಗೆ ಕಾಣಬೇಕು. ಕಡಿದದ್ದಕ್ಕೆ ತೇಪೆ ಹಾಕಿಸಿದೆ. ಟೆಂಪೊದ ಬಾನೆಟ್ ತೆರೆದೇ ಇಡುತ್ತಿದ್ದೆವು. ಬೆಳಕು ಬಿದ್ದ ಕಡೆ ಇಲಿ ಮನೆ ಮಾಡಲು ಹಿಂಜರಿಯುತ್ತದೆ. ವಾರಕ್ಕೊಮ್ಮೆ ಜನರೇಟರ್ ಚಾಲೂ ಮಾಡಿ ಬಿಸಿಯಾಗುವವರೆಗೆ ಓಡಿಸುತ್ತಿದ್ದೆ. ನೆಲದ ರಂಗೋಲಿ ಬೆಳಿಗ್ಗೆಯೂ ಹಾಕಿದ ಹಾಗೆಯೇ ಇರುತ್ತಿತ್ತು. ಒಡೆಸಿದ ತೂತನ್ನೂ ಮುಚ್ಚಿಸಿದೆ. ದೀಪಾವಳಿ ಹತ್ತಿರ ಬಂತು. ಗೆದ್ದೆವು ಎಂದುಕೊಂಡೆ.

ಹಬ್ಬ ಮುಗಿಸಿ ಬಂದು ಜನರೇಟರ್ ಚಾಲೂ ಮಾಡಿದರೆ ನಾಲ್ಕು ಸಲ ಕೆಮ್ಮಿ ನಿಂತಿತು. ಕೆಳಗೆ ಡೀಸೆಲ್ ಸೋರುತ್ತಿತ್ತು. ಪೈಪು ಕಡಿದಿತ್ತು, ಹಲ್ಲಿನ ಗುರುತು ಹೊಸದು. ಮದುವೆ ಎದುರಿಗಿತ್ತು. ಮೈದುನ ಅದೇ ಹೊತ್ತಿಗೆ ಬಂದು, ಡೀಸೆಲ್ ನೋಡಿ, "ವೈನಿ, ಅವ್ರಿಗೆ ಈಗs ಹೇಳಿಬಿಡೂಣು. ಬ್ಯಾರೇ ಪೆಂಡಾಲ್‌ನವ್ರನ್ನ ನೋಡ್ಕೊಳ್ಳಾಕ ಟೈಮ್ ಸಿಗತೇತಿ," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸಂಜೆಯವರೆಗೆ ಸಮಯ ಕೊಡು ಎಂದೆ.

ಟೆಂಪೊದ ಸುತ್ತಲಿನ ನೆಲವನ್ನು ಬಗ್ಗಿ ನೋಡಿದೆ. ಪುಡಿಯ ಮೇಲೆ ಒಂದೂ ಹೆಜ್ಜೆಯಿರಲಿಲ್ಲ. ಟೆಂಪೊಕ್ಕೆ ಯಾವ ಇಲಿಯೂ ಹತ್ತಿರಲಿಲ್ಲ, ಇಳಿದಿರಲಿಲ್ಲ. ಹಾಗಾದರೆ ಪೈಪು ಕಡಿದ ಇಲಿ ಟೆಂಪೊದಲ್ಲೇ ವಾಸ ಮಾಡುತ್ತಿತ್ತು.

ಟೆಂಪೊದ ಹಿಂಭಾಗದಲ್ಲಿ ಜನರೇಟರಿನ ಪಕ್ಕಕ್ಕೆ ಒಂದು ಸುರುಳಿ ಇತ್ತು. ನನ್ನ ಗಂಡ ಕೊನೆಯ ದಿನ ಸುತ್ತಿ, ಕಟ್ಟಿ, ತಾವೇ ಮೇಲೆ ಹಾಕಿದ್ದು. ಅದು ಅಲ್ಲಿರುವುದು ಕಾಕಾಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ವಾರಗಟ್ಟಲೆ ಅದರ ಪಕ್ಕದಲ್ಲೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೂ ಗೊತ್ತಿತ್ತು. ಅದನ್ನು ಇಳಿಸೋಣ ಎಂದು ಒಬ್ಬರೂ ಅಂದಿರಲಿಲ್ಲ. ನಾವು ಅದನ್ನು ಮುಟ್ಟದೆ ಆಚೆ ಈಚೆ ಜಾಲರಿ ಹೊಡೆದಿದ್ದೆವು.

"ಇಳಸ್ರಿ ಕಾಕಾ," ಎಂದೆ.

"ಅದೊಂದು ಇರ್ಲಿ ಬಿಡ್ರಿ ಅಕ್ಕಾರ. ಅವ್ರ ಕೈಯಾಗ ಕಟ್ಟಿದ್ದು."

"ಅದಕ್ಕs ಇಳಸ್ರಿ."

ನೆಲಕ್ಕೆ ಇಳಿಸಿದೆವು. ಗಂಟು ಬಿಚ್ಚಲು ನೋಡಿದೆ. ಅವರ ಗಂಟು ಬೇರೆಯವರಿಗೆ ಬಿಚ್ಚಲು ಬರುತ್ತಿರಲಿಲ್ಲ, ಕೆಲಸದವರು ಇದಕ್ಕೆ ಅವರನ್ನು ಕಾಡಿಸುತ್ತಿದ್ದರು. ಉಗುರು ಮುರಿಯಿತು. ಕಾಕಾ ಕುಡಗೋಲು ತಂದು ನನ್ನ ಮುಂದೆ ಹಿಡಿದರು, ತಾವು ಕೊಯ್ಯಲಿಲ್ಲ. ನಾನು ಹಗ್ಗ ಕೊಯ್ದೆ. ಎದೆಯಲ್ಲಿ ಏನಾದರೂ ಆಗುತ್ತದೆ ಎಂದು ಕಾದೆ. ಆಗಲಿಲ್ಲ. ಆಗಲಿಲ್ಲವಲ್ಲ ಎಂದು ಹೆದರಿಕೆಯಾಯಿತು. ಎಷ್ಟೋ ತಿಂಗಳ ಮೇಲೆ ನನಗೆ ತಿಳಿದ ಮೊದಲ ಭಾವನೆ ಅದು, ಹೆದರಿಕೆ.

ಹೊರಗಿನ ಸುತ್ತು ಹೊಸದರಂತಿತ್ತು. ಒಳಕ್ಕೆ ಹೋದಂತೆ ತೂತುಗಳು, ಒಂದು ಸುತ್ತಿನಿಂದ ಇನ್ನೊಂದಕ್ಕೆ. ನಟ್ಟನಡುವೆ ನೂಲು, ಗಾದಿಯ ಹತ್ತಿ, ಯಾರದೋ ಜಡೆಯ ರಿಬ್ಬನ್ನು ಸೇರಿಸಿ ಕಟ್ಟಿದ ಗೂಡು. ಅದರಿಂದ ಒಂದೇ ಒಂದು ದಪ್ಪ ಇಲಿ ಹಾರಿ ಶಟರ್ ಕಡೆ ಓಡಿ ಹೊರಗಿನ ಬಿಸಿಲಿಗೆ ಹೋಯಿತು. ಅಕ್ಕಿ ಒಂದು ಕಾಳೂ ಉಳಿದಿರಲಿಲ್ಲ. ಅರಿಶಿನ ಹತ್ತಿದ ತೌಡು ಮಾತ್ರ ಇತ್ತು.

ಕಾಕಾ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತರು. ಅವರು ಅಳುವುದನ್ನು ನಾನು ಅಂತ್ಯಕ್ರಿಯೆಯ ದಿನವೂ ನೋಡಿರಲಿಲ್ಲ. ಸಮಾಧಾನ ಮಾಡಲು ನನಗೆ ಬರಲಿಲ್ಲ. ಅವರ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, "ಕಸಬರಗಿ ಮಾತ್ರ ಬ್ಯಾಡ್ರಿ," ಎಂದರು. "ಇನ್ನಮ್ಯಾಲ ಮದುವಿ ಆದಲ್ಲೇ, ಬಯಲಾಗ ನಿಂತು ಝಾಡಿಸೂಣು. ಬಿದ್ದ ಕಾಳು ಗುಬ್ಬಿ ತಿನ್ನಲಿ. ಒಂದು ತುದಿ ನಾ ಹಿಡೀತೇನಿ." ನಾನು ಒಪ್ಪಿದೆ. ಆ ಜಮಖಾನೆ ಯಾವುದಕ್ಕೂ ಬರುವಂತಿರಲಿಲ್ಲ. ಸುಟ್ಟೆವು.

ಮೆಕ್ಯಾನಿಕ್ ಹೊಸ ಪೈಪು ಹಾಕಿ, ಕೇಬಲ್ ಒಳಗೆ ಹೋಗುವ ಕೊನೆಯ ಕಿಂಡಿಗೂ ತಗಡು ಬಡಿದ. ಆಮೇಲೆ ಏನೂ ಕಡಿಯಲಿಲ್ಲ.

ಮದುವೆ ಬೆಂಗೇರಿಯ ಒಂದು ಬಯಲಿನಲ್ಲಿ. ನಾನು ಚಪ್ಪರದ ಹಿಂದೆ, ಟೆಂಪೊದ ಹತ್ತಿರ ನಿಂತಿದ್ದೆ. ಯಾರೂ ಅಲ್ಲಿ ನಿಲ್ಲು ಎನ್ನಲಿಲ್ಲ, ನನಗೇ ಗೊತ್ತಿತ್ತು. ಅಕ್ಕಿಕಾಳಿನ ತಟ್ಟೆ ಒಳಗೆ ಸಾಲಿನಿಂದ ಸಾಲಿಗೆ ಹೋಗುವುದು ಬಟ್ಟೆಯ ಸಂದಿಯಿಂದ ಕಾಣುತ್ತಿತ್ತು. ಭಟ್ಟರು ಮೈಕಿನಲ್ಲಿ ಮುಹೂರ್ತಕ್ಕೆ ಎಲ್ಲರೂ ಎದ್ದು ನಿಲ್ಲಿ ಎನ್ನುತ್ತಿರುವಾಗ ಮಾತು ಅರ್ಧಕ್ಕೇ ಕಡಿಯಿತು, ದೀಪಗಳು ಆರಿದವು. ಅದರಲ್ಲಿ ವಿಶೇಷವೇನಿಲ್ಲ, ಕರೆಂಟ್ ಹೋಗದ ಮದುವೆಯನ್ನು ನಾನು ಕಂಡಿಲ್ಲ. ಕೀಲಿ ತಿರುಗಿಸಿದೆ. ಜನರೇಟರ್ ಒಂದೇ ಸಲಕ್ಕೆ ಹಿಡಿಯಿತು. ಭಟ್ಟರ ಮಾತು ಮುಂದುವರಿಯಿತು, ವಾಲಗ ಜೋರಾಯಿತು, ಜನ ಅಕ್ಕಿಕಾಳು ಎಸೆದರು.

ಊಟವಾದ ಮೇಲೆ ಮೈದುನ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬಂದು ಟೆಂಪೊಕ್ಕೆ ಒರಗಿ ನಿಂತ. "ಗಿರಾಕಿಗೆ ಬ್ಯಾಡ ಅಂತ ಹೇಳ್ತೇನಿ ವೈನಿ," ಎಂದಷ್ಟೇ ಹೇಳಿ ಹೋದ.

ಜನ ಕರಗಿದರು. ಕೆಲಸದವರು ಕುರ್ಚಿ ಎತ್ತತೊಡಗಿದರು. ಕಾಕಾ ಮಂಟಪದ ಮುಂದಿನ ಜಮಖಾನೆಯನ್ನು ಬಯಲಿಗೆ ಎಳೆದುಕೊಂಡು ಬಂದು, ಒಂದು ತುದಿ ತಾವು ಹಿಡಿದು ಇನ್ನೊಂದನ್ನು ನನ್ನ ಕಡೆ ಎಸೆದರು. ಇಬ್ಬರೂ ತಲೆಗಿಂತ ಮೇಲಕ್ಕೆ ಎತ್ತಿ ಝಾಡಿಸಿದೆವು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

"ಅಕ್ಕಾರ," ಎಂದರು ಕಾಕಾ. "ನಿಮ್ಮ ತಲಿಮ್ಯಾಲ ಅಕ್ಕಿಕಾಳು ಬಿದ್ದಾವ್ರಿ."

ಕೂದಲಲ್ಲಿ, ಹೆಗಲ ಮೇಲೆ, ಸೆರಗಿನ ಮಡಿಕೆಯಲ್ಲಿ. ನಾನು ಕೊಡವಿಕೊಳ್ಳಲು ಕೈ ಎತ್ತಲಿಲ್ಲ.

"ಇರ್ಲಿ ಬಿಡ್ರಿ," ಎಂದೆ.

ಕಾಕಾ ತಮ್ಮ ತುದಿಯನ್ನು ಗಟ್ಟಿಯಾಗಿ ಹಿಡಿದು, ಜಮಖಾನೆಯನ್ನು ಇನ್ನೊಮ್ಮೆ ನನ್ನ ಕಡೆಗೆ ಜೋರಾಗಿ ಝಾಡಿಸಿದರು.